ವಿಮಾನ ನಿಲ್ದಾಣದ ಸುತ್ತಲಿನ ಹಾರಾಟ ವಿಧಾನಗಳನ್ನು ಚಿತ್ರಗಳಿಂದ ಅಳೆಯುವುದು ಹೇಗೆ?

ಪ್ರಶ್ನೆ: ನಾನು ದತ್ತಾಂಶ ವಿಶ್ಲೇಷಣೆಯ ಕೆಲಸದಲ್ಲಿದ್ದೇನೆ, ವಿಮಾನಯಾನ ನನ್ನ ಮೂಲ ವಿಷಯವಲ್ಲ. ಒಂದು ವಿಮಾನ ನಿಲ್ದಾಣದಲ್ಲಿ ಆಗಮನಕ್ಕೆ ಹೊಸ ಹಾರಾಟ ವಿಧಾನವೊಂದು ಜಾರಿಗೆ ಬಂದಿದ್ದು, ಅದು ಹಳೆಯದಕ್ಕಿಂತ ಉತ್ತಮವೇ ಎಂಬುದನ್ನು ಚಿತ್ರಗಳ ಮೂಲಕ ತೋರಿಸುವ ಹೊಣೆ ನನ್ನ ಮೇಲಿದೆ. ಬದಲಾವಣೆಗೆ ಮುಂಚಿನ ಮತ್ತು ನಂತರದ ಕೆಲವು ತಿಂಗಳುಗಳ ಎಡಿಎಸ್-ಬಿ (ವಿಮಾನಗಳು ತಮ್ಮ ಸ್ಥಾನ, ಎತ್ತರ, ವೇಗಗಳನ್ನು ತಾವೇ ಬಿತ್ತರಿಸುವ ರೇಡಿಯೊ ಸಂದೇಶ) ದತ್ತಾಂಶ ಕೈಯಲ್ಲಿದೆ. ಎಲ್ಲ ಹಾರಾಟಗಳ ಜಾಡನ್ನೂ ನಕ್ಷೆಯ ಮೇಲೆ ಎಳೆದಾಗ ಗೋಜಲು ಬಿಟ್ಟು ಬೇರೇನೂ ಕಾಣಲಿಲ್ಲ. ಹಲವು ವಿಮಾನಗಳು ಪ್ರಕಟಿತ ಮಾರ್ಗದಿಂದ ನಾಲ್ಕೈದು ನಾಟಿಕಲ್ ಮೈಲು (ಒಂದು ನಾಟಿಕಲ್ ಮೈಲು ಎಂದರೆ 1.852 ಕಿ.ಮೀ.) ಆಚೆ ಹಾರಿರುವುದು ಮಾತ್ರ ಎದ್ದು ಕಾಣುತ್ತದೆ. ಇವನ್ನು ಉಲ್ಲಂಘನೆ ಎನ್ನಬಹುದೇ? ಯಾವ ಚಿತ್ರಗಳನ್ನು ಬರೆಯಬೇಕು, ಯಾವುದನ್ನು ಎಷ್ಟು ನಂಬಬೇಕು?

ಉತ್ತರ: ಉಲ್ಲಂಘನೆಯ ಸಂದೇಹವನ್ನು ಮೊದಲು ಬಗೆಹರಿಸೋಣ, ಅದನ್ನು ಹಾಗೇ ಬಿಟ್ಟು ಬರೆದ ಚಿತ್ರ ಎಷ್ಟೇ ಅಂದವಾಗಿದ್ದರೂ ತಪ್ಪು ತೀರ್ಮಾನಕ್ಕೆ ಒಯ್ಯುತ್ತದೆ. ಮಾರ್ಗದಿಂದ ಅಷ್ಟು ದೂರ ಹಾರಿದ ವಿಮಾನಗಳಲ್ಲಿ ಬಹುಪಾಲು ಯಾವ ನಿಯಮವನ್ನೂ ಮುರಿದಿರುವುದಿಲ್ಲ. ವಾಯು ಸಂಚಾರ ನಿಯಂತ್ರಕರು ವಿಮಾನಗಳ ನಡುವೆ ಅಂತರ ಕಾಯಲು, ಸರದಿಯನ್ನು ಹೊಂದಿಸಲು ಅಥವಾ ದಾರಿಯನ್ನು ಚಿಕ್ಕದಾಗಿಸಲು ಪೈಲಟ್‌ಗೆ ಇಂತಿಷ್ಟು ಡಿಗ್ರಿಯ ದಿಕ್ಕಿಗೆ ತಿರುಗಿ ಎಂದು ಹೇಳುತ್ತಾರೆ. ಆ ಕ್ಷಣದಿಂದ ಪ್ರಕಟಿತ ಮಾರ್ಗ ಆ ವಿಮಾನದ ಮಟ್ಟಿಗೆ ಬದಿಗೆ ಸರಿಯುತ್ತದೆ. ಕೆಲವು ವಿಧಾನಗಳಲ್ಲಂತೂ ಹರಡಿಕೊಳ್ಳುವುದೇ ವಿನ್ಯಾಸದ ಉದ್ದೇಶ. 2011ರಲ್ಲಿ ಆಸ್ಲೋದಲ್ಲಿ ಬಳಕೆಗೆ ಬಂದ ಪಾಯಿಂಟ್ ಮರ್ಜ್ ಪದ್ಧತಿಯಲ್ಲಿ ವಿಮಾನಗಳು ಒಂದು ಕೂಡುಬಿಂದುವಿನಿಂದ ಹೆಚ್ಚುಕಡಿಮೆ ಸಮದೂರದಲ್ಲಿರುವ ಕಮಾನಿನ ಮೇಲೆ ಸಾಗುತ್ತವೆ, ಸರದಿ ಬಂದಾಗ ನಿಯಂತ್ರಕರ ಸೂಚನೆಯಂತೆ ಕಮಾನನ್ನು ಬಿಟ್ಟು ನೇರವಾಗಿ ಆ ಬಿಂದುವಿನತ್ತ ತಿರುಗುತ್ತವೆ. ಅದರ ಜಾಡುಗಳನ್ನು ಒಟ್ಟಿಗೆ ಬರೆದರೆ ಬೀಸಣಿಗೆಯ ಆಕಾರ ಮೂಡುತ್ತದೆ. ವಿಷಯ ತಿಳಿಯದವರಿಗೆ ಅದು ಅಶಿಸ್ತಿನಂತೆ ಕಾಣಬಹುದು, ಆದರೆ ಆ ವಿಧಾನ ಸರಿಯಾಗಿ ನಡೆಯುತ್ತಿದೆ ಎಂಬುದಕ್ಕೆ ಆ ಬೀಸಣಿಗೆಯೇ ಗುರುತು.

ನಿಮ್ಮ ಗೋಜಲಿನ ಚಿತ್ರದಲ್ಲಿರುವ ನಿಜವಾದ ಕೊರತೆ ಗೋಜಲಲ್ಲ. ಅದರಲ್ಲಿ ಹಾರಿದ ಜಾಡುಗಳಿವೆ, ವಿಧಾನವೇ ಇಲ್ಲ. ಹಾರಾಟ ವಿಧಾನವೆಂದರೆ ನಕ್ಷೆಯ ಮೇಲಿನ ಒಂದು ಗೆರೆಯಷ್ಟೇ ಅಲ್ಲ. ಅಕ್ಕಪಕ್ಕಕ್ಕೆ ಎಷ್ಟು ಸರಿಯಬಹುದು, ಯಾವ ವೇಪಾಯಿಂಟ್ (ಮಾರ್ಗದಲ್ಲಿ ಗುರುತಿಸಿದ ಬಿಂದು) ಮೇಲೆ ಎತ್ತರ ಎಷ್ಟಕ್ಕಿಂತ ಕಡಿಮೆಯಾಗಬಾರದು ಅಥವಾ ಹೆಚ್ಚಾಗಬಾರದು, ವೇಗದ ಮಿತಿ ಏನು, ಏರುವಾಗ ಕನಿಷ್ಠ ಏರುಜಾರು ಎಷ್ಟು ಎಂಬ ಷರತ್ತುಗಳ ಕಂತೆ ಅದು. ಉದಾಹರಣೆಗೆ ಆರ್‌ಎನ್‌ಪಿ 1 ಅಥವಾ ಆರ್‌ನ್ಯಾವ್ 1 ಎಂಬ, ಮಾರ್ಗ ಹಿಡಿಯುವ ನಿಖರತೆಯನ್ನು ಸೂಚಿಸುವ ಗುರುತಿರುವ ವಿಧಾನದಲ್ಲಿ ವಿಮಾನವು ಹಾರಾಟದ ಅವಧಿಯ ಶೇ. 95ರಷ್ಟು ಕಾಲ ಮಾರ್ಗದ ಮಧ್ಯರೇಖೆಯಿಂದ 1 ನಾಟಿಕಲ್ ಮೈಲಿನ ಒಳಗಿರಬೇಕು. ಪ್ರತಿಯೊಂದು ಚಿತ್ರವೂ ಇಂತಹ ಒಂದು ಷರತ್ತನ್ನು ಮೊದಲು ಬರೆದುಕೊಂಡು, ಹಾರಿದ ಜಾಡುಗಳನ್ನು ಅದರ ಮೇಲಿಟ್ಟು ನೋಡಬೇಕು. ಷರತ್ತಿಲ್ಲದ ಚಿತ್ರ ಸಂಚಾರವನ್ನು ತೋರಿಸುತ್ತದೆ, ವಿಧಾನವನ್ನು ಅಳೆಯುವುದಿಲ್ಲ. ಇಲ್ಲಿ ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು: ವಿಧಾನಗಳ ನಕ್ಷೆಗಳು 28 ದಿನಗಳ ಅಂತರರಾಷ್ಟ್ರೀಯ ಆವರ್ತನದಲ್ಲಿ ಪರಿಷ್ಕಾರಗೊಳ್ಳುತ್ತವೆ. ನಿಮ್ಮ ಅವಧಿಯ ನಡುವೆ ಒಂದು ವೇಪಾಯಿಂಟ್ ಸರಿದಿದ್ದರೂ, ಒಂದು ಎತ್ತರದ ಮಿತಿ ಬದಲಾಗಿದ್ದರೂ, ಎರಡು ಬೇರೆ ವಿಧಾನಗಳನ್ನು ಒಂದೇ ಗೆರೆಗೆ ಹೋಲಿಸಿದಂತಾಗುತ್ತದೆ. ಆಯಾ ದಿನಕ್ಕೆ ಜಾರಿಯಲ್ಲಿದ್ದ ನಕ್ಷೆಯನ್ನೇ ಹುಡುಕಿ ಬಳಸಿ.

ಇನ್ನು ನಿಯಂತ್ರಕರು ಮಾರ್ಗದಿಂದ ಬೇರೆಡೆಗೆ ತಿರುಗಿಸಿದ ಹಾರಾಟಗಳನ್ನು ಬೇರ್ಪಡಿಸುವ ಕೆಲಸ. ಪ್ರತಿ ಜಾಡಿನ ಪ್ರತಿ ಬಿಂದುವಿಗೂ ಎರಡು ಸಂಖ್ಯೆಗಳನ್ನು ಲೆಕ್ಕ ಹಾಕಿ: ಮಾರ್ಗದ ಉದ್ದಕ್ಕೂ ಅದು ಎಲ್ಲಿದೆ, ಮತ್ತು ಮಾರ್ಗದಿಂದ ಎಡಕ್ಕೋ ಬಲಕ್ಕೋ ಎಷ್ಟು ದೂರವಿದೆ. ಎಡಕ್ಕೆ ಋಣ, ಬಲಕ್ಕೆ ಧನ ಎಂಬ ಚಿಹ್ನೆಯನ್ನು ಕಳೆದುಕೊಳ್ಳಬೇಡಿ, ಏಕೆಂದರೆ ಒಂದೇ ಪಕ್ಕಕ್ಕೆ ವಾಲಿದ ಕಿರಿದಾದ ಗುಂಪಿಗೂ ಎರಡೂ ಪಕ್ಕಕ್ಕೆ ಹರಡಿದ ಗುಂಪಿಗೂ ಕಾರಣಗಳು ಬೇರೆ. ಈ ಎರಡು ಸಂಖ್ಯೆಗಳನ್ನು ಅಡ್ಡ ಮತ್ತು ಲಂಬ ಅಕ್ಷಗಳಾಗಿ ಇಟ್ಟು ಬರೆದರೆ, ಬಾಗಿದ ಮಾರ್ಗವೂ ನೇರ ಗೆರೆಯಾಗಿ ಬಿಚ್ಚಿಕೊಳ್ಳುತ್ತದೆ. ಮಾರ್ಗವನ್ನು ಅನುಸರಿಸಿದವು ಸೊನ್ನೆಯ ಸುತ್ತ ಬಿಗಿಯಾಗಿ ಸಾಗುತ್ತವೆ. ಒಂದು ಹಂತದಲ್ಲಿ ಥಟ್ಟನೆ ಕವಲೊಡೆದು ನೇರವಾಗಿ ದೂರ ಸರಿದು ಮತ್ತೆ ಬಂದು ಸೇರುವವು ಬಹುಪಾಲು ನಿಯಂತ್ರಕರ ಸೂಚನೆಯ ಮೇರೆಗೆ ಹಾರಿದವು. ಈ ಎರಡು ಗುಂಪುಗಳು ನಿಮಗೆ ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತವೆ. ಮೊದಲ ಗುಂಪಿನಿಂದ ವಿಧಾನ ಹಾರಲು ಯೋಗ್ಯವೇ ಎಂಬುದು ತಿಳಿಯುತ್ತದೆ. ಎರಡನೆಯ ಗುಂಪಿನ ಗಾತ್ರದಿಂದ, ಅಂದರೆ ಒಟ್ಟು ಹಾರಾಟಗಳಲ್ಲಿ ಎಷ್ಟು ಪಾಲು ಮಾರ್ಗ ಬಿಟ್ಟವು ಎಂಬುದರಿಂದ, ವಿಧಾನ ಬಳಸಲು ಯೋಗ್ಯವೇ ಎಂಬುದು ತಿಳಿಯುತ್ತದೆ. ಗಂಟೆಗೆ ಬಂದಿಳಿಯುವ ವಿಮಾನಗಳ ಸಂಖ್ಯೆ ಅಡ್ಡ ಅಕ್ಷದಲ್ಲಿ, ಮಾರ್ಗ ಬಿಟ್ಟವುಗಳ ಪಾಲು ಲಂಬ ಅಕ್ಷದಲ್ಲಿ ಇರುವ ಒಂದು ಸರಳ ಚಿತ್ರ ಬರೆದು ನೋಡಿ. ದಟ್ಟಣೆ ಹೆಚ್ಚಿದಾಗ ಮಾತ್ರ ಮಾರ್ಗ ಕೈಬಿಟ್ಟು ಹೋಗುತ್ತಿದ್ದರೆ ಅದು ಸಾಮರ್ಥ್ಯದ ಮಾತು; ನಡುರಾತ್ರಿ ಆಕಾಶ ಖಾಲಿಯಿರುವಾಗಲೂ ಯಾರೂ ಆ ಮಾರ್ಗದಲ್ಲಿ ಹಾರದಿದ್ದರೆ, ಅನಗತ್ಯವಾಗಿ ಸುತ್ತಿಸುವ ಮಾರ್ಗವನ್ನು ವಿನ್ಯಾಸ ಮಾಡಲಾಗಿದೆ ಎಂದು ಸಂದೇಹಿಸಬಹುದು. ನನ್ನ ಅಭಿಪ್ರಾಯದಲ್ಲಿ, ನಿಮ್ಮ ಮೇಲಧಿಕಾರಿಗಳು ಕೇಳಿದ ಪ್ರಶ್ನೆಗೆ ಬಣ್ಣಬಣ್ಣದ ನಕ್ಷೆಗಳೆಲ್ಲಕ್ಕಿಂತ ಈ ಒಂದು ಚಿತ್ರವೇ ಹೆಚ್ಚು ನೇರವಾಗಿ ಉತ್ತರಿಸುತ್ತದೆ.

ದತ್ತಾಂಶದ ಶುದ್ಧೀಕರಣದ ಬಗ್ಗೆ ನೀವು ಕೇಳಿಲ್ಲವಾದರೂ ಎತ್ತರದ ವಿಷಯವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಎಡಿಎಸ್-ಬಿ ಸಂದೇಶದಲ್ಲಿ ಬರುವ ಮುಖ್ಯ ಎತ್ತರ ವಾಯುಭಾರದ ಎತ್ತರ, ಅದು 1013.25 ಹೆಕ್ಟೊಪಾಸ್ಕಲ್ ಎಂಬ ಪ್ರಮಾಣಿತ ಒತ್ತಡವನ್ನೇ ಆಧಾರವಾಗಿ ಇಟ್ಟುಕೊಂಡಿರುತ್ತದೆ, ಆ ದಿನ ನಿಜವಾದ ಒತ್ತಡ ಏನೇ ಇರಲಿ. ಸಮುದ್ರಮಟ್ಟದ ಸಮೀಪದಲ್ಲಿ 1 ಹೆಕ್ಟೊಪಾಸ್ಕಲ್ ವ್ಯತ್ಯಾಸ ಸುಮಾರು 27 ಅಡಿಗೆ ಸಮ. ಸ್ಥಳೀಯ ಒತ್ತಡ 1003 ಇದ್ದ ದಿನ ದತ್ತಾಂಶದ ಎತ್ತರ ನಿಜಕ್ಕಿಂತ ಸುಮಾರು 270 ಅಡಿ ಹೆಚ್ಚಾಗಿಯೂ, 1023 ಇದ್ದ ದಿನ ಅಷ್ಟೇ ಕಡಿಮೆಯಾಗಿಯೂ ಕಾಣುತ್ತದೆ; ಈ ಎರಡು ದಿನಗಳನ್ನು ಒಂದೇ ಚಿತ್ರದಲ್ಲಿ ಇಟ್ಟರೆ, ಒಂದೇ ಇಳಿಜಾರಿನಲ್ಲಿ ಹಾರಿದ ವಿಮಾನಗಳ ನಡುವೆ 540 ಅಡಿಗಳ ಸುಳ್ಳು ವ್ಯತ್ಯಾಸ ಹುಟ್ಟುತ್ತದೆ. ಆದ್ದರಿಂದ ನಿಲ್ದಾಣದ ಹವಾಮಾನ ವರದಿಯಲ್ಲಿರುವ ಒತ್ತಡವನ್ನು ಹೊಂದಿಸಿ ಎತ್ತರವನ್ನು ತಿದ್ದಿಕೊಳ್ಳಬೇಕು. ಉಪಗ್ರಹ ಆಧಾರಿತ ಎತ್ತರವನ್ನು ಬಳಸಿದರೆ ಈ ತೊಡಕಿಲ್ಲ, ಆದರೆ ಅದನ್ನು ಸಾಮಾನ್ಯವಾಗಿ ಭೂಮಿಯ ಗಣಿತೀಯ ದೀರ್ಘವೃತ್ತಜದಿಂದ ಅಳೆದಿರುವುದರಿಂದ, ಸಮುದ್ರಮಟ್ಟದ ಎತ್ತರಕ್ಕೂ ಅದಕ್ಕೂ ಲೋಕದ ಕೆಲವು ಕಡೆ 100 ಮೀಟರ್‌ವರೆಗೂ ಅಂತರ ಬರುತ್ತದೆ. ಉಳಿದ ಎಚ್ಚರಿಕೆಗಳು ಚಿಕ್ಕವು. ನೆಲದ ಮೇಲೆ ಸಂಕೇತ ಹಿಡಿಯುವ ಗ್ರಾಹಕಗಳಿಗೆ (ರಿಸೀವರ್) ವಿಮಾನ ಅಡ್ಡಿಯಿಲ್ಲದೆ ನೇರವಾಗಿ ಕಾಣುವಂತಿರಬೇಕಾದ್ದರಿಂದ ಕಡಿಮೆ ಎತ್ತರದಲ್ಲಿ ಸಂಕೇತ ಕಡಿದುಹೋಗುತ್ತದೆ. ಸಂಕೇತವಿಲ್ಲದ ಕಡೆ ಗೆರೆಯನ್ನು ಕಡಿದೇ ಬಿಡಿ, ಎರಡು ತುದಿಗಳನ್ನು ನೇರಗೆರೆಯಿಂದ ಜೋಡಿಸಿದರೆ ಯಾರೂ ಹಾರದ ಮಾರ್ಗ ಚಿತ್ರದಲ್ಲಿ ಹುಟ್ಟಿಕೊಳ್ಳುತ್ತದೆ. ಅಕ್ಷಾಂಶ ರೇಖಾಂಶಗಳನ್ನು ಹಾಗೆಯೇ ಅಕ್ಷಗಳನ್ನಾಗಿ ಬಳಸಬೇಡಿ. 60 ಡಿಗ್ರಿ ಅಕ್ಷಾಂಶದಲ್ಲಿ ರೇಖಾಂಶದ ಒಂದು ಡಿಗ್ರಿಯ ಉದ್ದ ಸಮಭಾಜಕದಲ್ಲಿರುವುದರ ಅರ್ಧದಷ್ಟಾಗುತ್ತದೆ. ನಿಲ್ದಾಣವನ್ನು ಕೇಂದ್ರವಾಗಿಟ್ಟ ಸ್ಥಳೀಯ ಪ್ರಕ್ಷೇಪವೇ ಸರಿ.

ಈಗ ಸಾಂದ್ರತಾ ನಕ್ಷೆ, ಅಂದರೆ ಹಾರಾಟಗಳು ಎಲ್ಲಿ ಎಷ್ಟು ದಟ್ಟವಾಗಿವೆ ಎಂಬುದನ್ನು ಬಣ್ಣದಲ್ಲಿ ತೋರಿಸುವ ನಕ್ಷೆ. ಗೋಜಲನ್ನು ಬಿಡಿಸಲು ಎಲ್ಲರೂ ಮೊದಲು ಕೈ ಹಾಕುವುದು ಇದಕ್ಕೇ, ಮತ್ತು ಇದರಲ್ಲಿ ಆಗುವ ತಪ್ಪು ಬಹುಮಟ್ಟಿಗೆ ಎಣಿಕೆಯ ತಪ್ಪು. ಚೌಕಗಳಾಗಿ ಭಾಗಿಸಿ ಪ್ರತಿ ಚೌಕದಲ್ಲಿ ಬಿದ್ದ ಬಿಂದುಗಳನ್ನು ಎಣಿಸಿದರೆ, ನಿಧಾನವಾಗಿ ಹಾರುವ ವಿಮಾನ ಹೆಚ್ಚು ಬಿಂದುಗಳನ್ನು ಉದುರಿಸಿ ಹೋಗುವುದರಿಂದ ರನ್‌ವೇಯ ಹತ್ತಿರದ ಭಾಗ ಯಾವಾಗಲೂ ದಟ್ಟವಾಗಿ ಕಾಣುತ್ತದೆ, ಗ್ರಾಹಕ ಚೆನ್ನಾಗಿ ಕೇಳಿಸಿಕೊಳ್ಳುವ ದಿಕ್ಕೂ ಹಾಗೆಯೇ. ಒಂದು ಹಾರಾಟವನ್ನು ಒಂದು ಚೌಕದಲ್ಲಿ ಒಂದೇ ಸಲ ಎಣಿಸಬೇಕು. ಬಣ್ಣದ ಅಳತೆಗೋಲು ಲಾಗರಿದಮಿಕ್ (ಪ್ರತಿ ಹಂತಕ್ಕೂ ಎಣಿಕೆ ಇಂತಿಷ್ಟು ಪಟ್ಟು ಹೆಚ್ಚುವಂಥದ್ದು) ಆಗಿರಲಿ, ಇಲ್ಲವಾದರೆ ಮುಖ್ಯ ಮಾರ್ಗದ ಗಾಢತೆಯಲ್ಲಿ ಉಳಿದದ್ದೆಲ್ಲ ಅಳಿಸಿಹೋಗುತ್ತದೆ. ಕಾಮನಬಿಲ್ಲಿನ ಬಣ್ಣಗಳನ್ನು ಬಿಟ್ಟುಬಿಡಿ: ಅದರಲ್ಲಿ ಹಳದಿಯ ಪಟ್ಟೆ, ದತ್ತಾಂಶದಲ್ಲಿ ಇಲ್ಲದ ಗಡಿಯೊಂದನ್ನು ಕಣ್ಣಿಗೆ ಕಾಣಿಸುತ್ತದೆ, ಕೆಂಪು ಹಸಿರು ಬೇರ್ಪಡಿಸಲಾಗದ ಓದುಗರಿಗೆ ಅದು ಉಪಯೋಗಕ್ಕೂ ಬರುವುದಿಲ್ಲ. ಹಳೆಯದಕ್ಕೂ ಹೊಸದಕ್ಕೂ ಎರಡು ನಕ್ಷೆಗಳನ್ನು ಪಕ್ಕಪಕ್ಕದಲ್ಲಿ ಇಡುವುದಕ್ಕಿಂತ, ಪ್ರತಿ ಚೌಕದಲ್ಲಿ ಹಾದುಹೋದ ಹಾರಾಟಗಳ ಪಾಲು ಎಷ್ಟು ಹೆಚ್ಚಿತು ಅಥವಾ ತಗ್ಗಿತು ಎಂಬ ವ್ಯತ್ಯಾಸದ ನಕ್ಷೆಯನ್ನೇ ಬರೆಯುವುದು ಮೇಲು; ಬದಲಾಗದ ಚೌಕ ಬಣ್ಣವಿಲ್ಲದೆ ಉಳಿಯಲಿ.

ಜಾಡುಗಳನ್ನು ಕಟ್ಟುಗಳಾಗಿ ಒಗ್ಗೂಡಿಸಿ ನಯವಾದ ಹರಿವಿನಂತೆ ತೋರಿಸುವ ಎಡ್ಜ್ ಬಂಡ್ಲಿಂಗ್ ತಂತ್ರವೂ ನಿಮ್ಮ ಕಣ್ಣಿಗೆ ಬಿದ್ದಿರಬಹುದು. ದೇಶದೇಶಗಳ ನಡುವಿನ ಸಂಚಾರದ ಸ್ಥೂಲ ಸ್ವರೂಪವನ್ನು ತೋರಿಸಲು ಅದು ಸೊಗಸಾದದ್ದೇ. ವಿಧಾನಗಳ ಮೌಲ್ಯಮಾಪನಕ್ಕೆ ಮಾತ್ರ ಅದನ್ನು ಬಳಸಲೇಬಾರದು, ಏಕೆಂದರೆ ಅದು ಗೆರೆಗಳನ್ನು ಅವು ಇದ್ದ ಜಾಗದಿಂದ ಸರಿಸಿಯೇ ಅಂದ ತರುತ್ತದೆ, ಮತ್ತು ನಾವು ಅಳೆಯಬೇಕಾದದ್ದು ಗೆರೆ ಎಷ್ಟು ಸರಿದಿತ್ತು ಎಂಬುದನ್ನೇ.

ನಕ್ಷೆಯಲ್ಲಿ ಹರಡುವಿಕೆ ಹೆಚ್ಚಾಗಿ ಕಾಣುವುದು ತಿರುವುಗಳಲ್ಲಿ, ಮತ್ತು ಅದನ್ನು ಕೂಡಲೇ ದೋಷವೆಂದು ಬರೆದಿಡುವ ಮೊದಲು ಭೌತಶಾಸ್ತ್ರವನ್ನು ನೆನೆಯಬೇಕು. ತಿರುವಿನ ತ್ರಿಜ್ಯ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 25 ಡಿಗ್ರಿ ವಾಲಿ ತಿರುಗುವ ವಿಮಾನಕ್ಕೆ 210 ನಾಟ್ (ಗಂಟೆಗೆ 210 ನಾಟಿಕಲ್ ಮೈಲು) ವೇಗದಲ್ಲಿ ಸುಮಾರು 1.4 ನಾಟಿಕಲ್ ಮೈಲು ತ್ರಿಜ್ಯ ಬೇಕಾದರೆ, 250 ನಾಟ್ ವೇಗದಲ್ಲಿ ಅದು 2 ನಾಟಿಕಲ್ ಮೈಲಿಗೆ ಹತ್ತಿರವಾಗುತ್ತದೆ; ಹಿಂದಿನಿಂದ ಗಾಳಿ ಬೀಸುತ್ತಿದ್ದರೆ ನೆಲದ ಮೇಲಿನ ಪಥ ಇನ್ನೂ ಹಿಗ್ಗುತ್ತದೆ. ಫ್ಲೈ-ಬೈ ಎಂಬ ಬಗೆಯ ವೇಪಾಯಿಂಟ್‌ನಲ್ಲಿ ವಿಮಾನವು ಬಿಂದುವನ್ನು ತಲುಪುವ ಮೊದಲೇ ಒಳಗಿನಿಂದ ತಿರುಗಿಕೊಳ್ಳುತ್ತದೆ, ಎಷ್ಟು ಮೊದಲು ಎಂಬುದನ್ನು ವೇಗ ಮತ್ತು ಗಾಳಿಗೆ ತಕ್ಕಂತೆ ವಿಮಾನದ ಗಣಕ ನಿರ್ಧರಿಸುತ್ತದೆ. ಅಂತಹ ತಿರುವಿನ ಒಳಗೆ 1 ನಾಟಿಕಲ್ ಮೈಲಿನ ಮಿತಿಯನ್ನು ಮೂಲೆಯಿಂದ ಅಳೆದು ಜಾಡು ಹೊರಗಿದೆ ಎನ್ನುವುದು ಅನ್ಯಾಯ. ತ್ರಿಜ್ಯ ನಿಗದಿಯಾಗಿರುವ, ಆರ್‌ಎಫ್ ಎಂದು ಕರೆಯುವ ಕಮಾನಿನ ತಿರುವಿನಲ್ಲಾದರೆ ವಿಮಾನ ಆ ಕಮಾನನ್ನೇ ಹಿಡಿಯಬೇಕಾಗುತ್ತದೆ, ಅಲ್ಲಿ ಹರಡುವಿಕೆ ಕಂಡರೆ ಪ್ರಶ್ನಿಸುವುದು ಸರಿ. ತಿರುವಿನ ಚಿತ್ರವನ್ನು ಬರೆಯುವಾಗ ಜಾಡುಗಳಿಗೆ ವೇಗದ ಬಣ್ಣ ಕೊಡಿ. ವೇಗದ ವಿಮಾನಗಳೆಲ್ಲ ಒಂದು ಅಂಚಿನಲ್ಲಿ, ನಿಧಾನದವೆಲ್ಲ ಇನ್ನೊಂದು ಅಂಚಿನಲ್ಲಿ ಸಾಲುಗೂಡಿದ್ದರೆ, ಪರಿಹಾರ ಮಾರ್ಗವನ್ನು ಮತ್ತೆ ಬರೆಯುವುದರಲ್ಲಿ ಇರಲಿಕ್ಕಿಲ್ಲ, ಆ ವೇಪಾಯಿಂಟ್‌ಗೆ ಒಂದು ವೇಗಮಿತಿ ಸೇರಿಸುವುದರಲ್ಲಿ ಇರಬಹುದು.

ಇದಕ್ಕೆ ಜೊತೆಯಾಗಿ ಮಾರ್ಗಕ್ಕೆ ಅಡ್ಡಲಾಗಿ ನಾಲ್ಕಾರು ಕಡೆ ಲಂಬವಾದ ಕಾಲ್ಪನಿಕ ದ್ವಾರಗಳನ್ನು ನಿಲ್ಲಿಸಿ, ಪ್ರತಿ ಹಾರಾಟವೂ ಆ ದ್ವಾರವನ್ನು ಎಲ್ಲಿ ತೂರಿತು ಎಂಬುದನ್ನು ಒಂದು ಚುಕ್ಕೆಯಾಗಿ ಗುರುತಿಸುವ ಚಿತ್ರವೂ ಇರಲಿ. ಅಡ್ಡ ಅಕ್ಷದಲ್ಲಿ ಎಡಬಲದ ದೂರ, ಲಂಬ ಅಕ್ಷದಲ್ಲಿ ಎತ್ತರ, ನಡುವೆ ವಿಧಾನ ಅನುಮತಿಸುವ ಕಿಟಕಿಯ ಚೌಕಟ್ಟು. ಎತ್ತರವೂ ಪಕ್ಕದ ದೂರವೂ ಒಟ್ಟಿಗೆ ಕಾಣುವ ಚಿತ್ರ ಇದೊಂದೇ.

ಲಂಬ ಪಾರ್ಶ್ವಚಿತ್ರದ, ಅಂದರೆ ದೂರಕ್ಕೆ ತಕ್ಕಂತೆ ಎತ್ತರವನ್ನು ತೋರಿಸುವ ಚಿತ್ರದ ಮೇಲೆ ನೀವು ಹೆಚ್ಚು ಸಮಯ ಕಳೆಯಬೇಕೆಂದು ನನ್ನ ಸಲಹೆ, ಏಕೆಂದರೆ ಆಗಮನ ವಿಧಾನದ ಗುಣದೋಷಗಳು ನಕ್ಷೆಯಲ್ಲಿ ಕಾಣುವುದಕ್ಕಿಂತ ಹೆಚ್ಚಾಗಿ ಅಲ್ಲಿ ಕಾಣುತ್ತವೆ. ಅಡ್ಡ ಅಕ್ಷದಲ್ಲಿ ಸಮಯವನ್ನು ಇಡಬೇಡಿ, ರನ್‌ವೇ ಅಂಚಿನವರೆಗೆ ಇನ್ನೂ ಹಾರಬೇಕಾದ ದೂರವನ್ನು ಇಡಿ. ಅದನ್ನೂ ನೇರ ದೂರವಾಗಿ ಅಲ್ಲದೆ, ಹಾರಿದ ಪಥದ ಉದ್ದಕ್ಕೂ ಹಿಂದಕ್ಕೆ ಅಳೆಯಬೇಕು. ಹಿನ್ನೆಲೆಯಲ್ಲಿ 3 ಡಿಗ್ರಿಯ ಇಳಿಜಾರನ್ನು ಎಳೆಯಿರಿ: ಪ್ರತಿ ನಾಟಿಕಲ್ ಮೈಲಿಗೆ ಸುಮಾರು 318 ಅಡಿ, ಅಂದರೆ 10 ನಾಟಿಕಲ್ ಮೈಲು ದೂರದಲ್ಲಿ ರನ್‌ವೇಗಿಂತ ಸುಮಾರು 3,200 ಅಡಿ ಮೇಲೆ. ಪ್ರಕಟಿತ ಎತ್ತರದ ಮಿತಿಗಳನ್ನು ಆಯಾ ದೂರದಲ್ಲಿ ಸಣ್ಣ ಅಡ್ಡಪಟ್ಟಿಗಳಾಗಿ ಗುರುತಿಸಿ. ವಿಮಾನಗಳು ನಿರಂತರವಾಗಿ ಇಳಿಯುತ್ತಿವೆಯೇ ಅಥವಾ ಮೆಟ್ಟಿಲುಮೆಟ್ಟಿಲಾಗಿ ಸಮತಟ್ಟು ಹಾರಾಟ ನಡೆಸಿ ಇಂಧನ ಸುಡುತ್ತಿವೆಯೇ ಎಂಬುದು ಇಲ್ಲಿ ಬರಿಗಣ್ಣಿಗೇ ತಿಳಿಯುತ್ತದೆ. ಸಮತಟ್ಟು ಎಂಬುದಕ್ಕೆ ವ್ಯಾಖ್ಯಾನ ಬೇಕು: ಯುರೋಪಿನ ವಾಯು ಸಂಚಾರ ಸಂಸ್ಥೆಯಾದ ಯುರೋಕಂಟ್ರೋಲ್ ಬಳಸುವ ಅಳತೆಯಂತೆ, ಇಳಿಯುವ ವೇಗ ನಿಮಿಷಕ್ಕೆ 300 ಅಡಿಗಿಂತ ಕಡಿಮೆಯಾಗಿ ಕನಿಷ್ಠ 20 ಸೆಕೆಂಡು ಮುಂದುವರಿದರೆ ಅದು ಸಮತಟ್ಟು ಹಾರಾಟ. ಬೇರೆ ಕಡೆ ಬೇರೆ ಅಳತೆಗಳಿವೆ, ಯಾವುದನ್ನು ಬಳಸಿದಿರೆಂದು ಚಿತ್ರದ ಕೆಳಗೇ ಬರೆದಿಡಿ, ಮತ್ತು ಮುಂಚಿನ ಅವಧಿಗೂ ನಂತರದ ಅವಧಿಗೂ ಅದನ್ನೇ ಬಳಸಿ.

ಇಲ್ಲಿ ಅನುಭವಿಗಳೂ ಬೀಳುವ ಒಂದು ಹಳ್ಳವಿದೆ. ಪ್ರತಿ ದೂರದಲ್ಲೂ ಎಲ್ಲ ವಿಮಾನಗಳ ಎತ್ತರದ ಸರಾಸರಿ ತೆಗೆದು ಒಂದೇ ಗೆರೆ ಎಳೆದರೆ, ಅದು ಬಹುತೇಕ ಯಾವಾಗಲೂ ನಯವಾದ, ಆದರ್ಶಪ್ರಾಯವಾದ ಇಳಿಜಾರಾಗಿ ಕಾಣುತ್ತದೆ. ಒಂದು ವಿಮಾನ 25 ಮೈಲಿನಲ್ಲಿ, ಇನ್ನೊಂದು 18ರಲ್ಲಿ, ಮತ್ತೊಂದು 12ರಲ್ಲಿ ಸಮತಟ್ಟಾಗಿ ಹಾರಿದ್ದರೂ ಆ ಮೆಟ್ಟಿಲುಗಳೆಲ್ಲ ಸರಾಸರಿಯಲ್ಲಿ ಒಂದರೊಳಗೊಂದು ಕರಗಿ, ಯಾವ ವಿಮಾನವೂ ಹಾರದ ಪಾರ್ಶ್ವಚಿತ್ರವೊಂದು ನಿಮ್ಮ ವರದಿಯನ್ನು ಅಲಂಕರಿಸುತ್ತದೆ. ಮಧ್ಯಾಂಕವನ್ನೂ 5 ಮತ್ತು 95ನೆಯ ಪರ್ಸೆಂಟೈಲ್‌ಗಳನ್ನೂ ಪಟ್ಟಿಯಾಗಿ ಬರೆಯುವುದು ಇದಕ್ಕಿಂತ ಮೇಲಾದರೂ, ಅವೂ ಇದೇ ದೋಷದಿಂದ ಪೂರ್ತಿ ಮುಕ್ತವಲ್ಲ. ಆದ್ದರಿಂದ ಪಟ್ಟಿಯ ಮೇಲೆ ಕೆಲವು ನಿಜವಾದ ಜಾಡುಗಳನ್ನು ತೆಳುವಾಗಿ ಬರೆಯಿರಿ, ಮತ್ತು ಪ್ರತಿ ಹಾರಾಟಕ್ಕೂ ಪ್ರತ್ಯೇಕವಾಗಿ ಲೆಕ್ಕ ಹಾಕಿದ ಸಮತಟ್ಟು ದೂರದ ಹಂಚಿಕೆಯನ್ನು ಪಕ್ಕದಲ್ಲಿ ಇಡಿ. ಸಮತಟ್ಟು ಭಾಗಗಳು ಯಾವ ಎತ್ತರದಲ್ಲಿ ಗುಂಪುಗೂಡುತ್ತವೆ ಎಂಬ ಚಿತ್ರವೂ ತುಂಬ ಮಾತಾಡುತ್ತದೆ. ಯಾವುದೋ ಒಂದು ದುಂಡು ಸಂಖ್ಯೆಯ ಎತ್ತರದಲ್ಲಿ ಅವು ದಟ್ಟವಾಗಿದ್ದರೆ ಅದು ಪೈಲಟ್‌ಗಳ ಅಭ್ಯಾಸವಾಗಿರುವ ಸಂಭವ ಕಡಿಮೆ. ಕೆಳಗೆ ದಾಟಿಹೋಗುವ ನಿರ್ಗಮನ ಮಾರ್ಗವೋ, ಎರಡು ನಿಯಂತ್ರಣ ವಲಯಗಳ ನಡುವಿನ ಹಸ್ತಾಂತರದ ಒಪ್ಪಂದವೋ ಅಲ್ಲಿರುತ್ತದೆ.

ಎತ್ತರ ಸರಿಯಾಗಿದ್ದರೂ ವೇಗ ಮಿತಿಮೀರಿದ್ದರೆ ವಿಮಾನ ಇಳಿಯಲು ಸಿದ್ಧವಾಗಿರುವುದಿಲ್ಲ. ಇದನ್ನು ಒಂದೇ ಅಕ್ಷದಲ್ಲಿ ತೋರಿಸಲು, ಎತ್ತರಕ್ಕೆ ವೇಗದಲ್ಲಿ ಅಡಗಿರುವ ಶಕ್ತಿಗೆ ಸಮನಾದ ಎತ್ತರವನ್ನು ಕೂಡಿಸಿ ಒಟ್ಟು ಶಕ್ತಿಯ ಪಾರ್ಶ್ವಚಿತ್ರವನ್ನು ಬರೆಯಬಹುದು. 250 ನಾಟ್‌ನಿಂದ 200 ನಾಟ್‌ಗೆ ವೇಗ ಇಳಿಸುವುದೆಂದರೆ ಸುಮಾರು 1,000 ಅಡಿ ಎತ್ತರಕ್ಕೆ ಸಮನಾದ ಶಕ್ತಿಯನ್ನು ಎಲ್ಲೋ ಕಳೆದುಕೊಳ್ಳಬೇಕು. ವಿಧಾನವು ಅಷ್ಟಕ್ಕೆ ಜಾಗ ಬಿಡದೆ ಎತ್ತರದ ಮಿತಿಯನ್ನೂ ವೇಗದ ಮಿತಿಯನ್ನೂ ಒಂದೇ ವೇಪಾಯಿಂಟ್ ಮೇಲೆ ಹೇರಿದ್ದರೆ, ಶಕ್ತಿಯ ಚಿತ್ರದಲ್ಲಿ ಆ ಬಿಂದುವಿನ ಮುಂದೆ ಜಾಡುಗಳು ಮೇಲಕ್ಕೆ ಉಬ್ಬಿ ಹರಡಿಕೊಳ್ಳುತ್ತವೆ. ಆ ಉಬ್ಬು ವಿನ್ಯಾಸಕಾರರಿಗೆ ಸಂಬಂಧಿಸಿದ್ದು, ಪೈಲಟ್‌ಗಳಿಗಲ್ಲ. ಎಡಿಎಸ್-ಬಿ ಕೊಡುವುದು ಸಾಮಾನ್ಯವಾಗಿ ನೆಲದ ಮೇಲಿನ ವೇಗ, ಗಾಳಿಯಲ್ಲಿನ ವೇಗವಲ್ಲ ಎಂಬುದನ್ನು ಮರೆಯಬಾರದು. ರೇಡಾರ್ ಕೇಳಿದಾಗ ವಿಮಾನ ಉತ್ತರವಾಗಿ ಕಳಿಸುವ, ಮೋಡ್-ಎಸ್ ವರ್ಧಿತ ಕಣ್ಗಾವಲು ಎಂಬ ದತ್ತಾಂಶ ದೊರೆತರೆ ಅದರಲ್ಲಿ ಗಾಳಿಯಲ್ಲಿನ ವೇಗ, ವಾಲಿದ ಕೋನ, ಪೈಲಟ್ ಆಯ್ಕೆ ಮಾಡಿಟ್ಟ ಎತ್ತರ ಕೂಡ ಇರುತ್ತವೆ. ದೊರೆಯದಿದ್ದರೆ ಹವಾಮಾನ ಮಾದರಿಯ ಗಾಳಿಯನ್ನು ಕಳೆದು ಅಂದಾಜು ಮಾಡಬೇಕು.

ಋತುಮಾನದ ಒಂದು ವಿಚಿತ್ರವನ್ನೂ ಇಲ್ಲಿಯೇ ಹೇಳುತ್ತೇನೆ. ರನ್‌ವೇಯತ್ತ ಇಳಿಯುವ ಕೊನೆಯ ಹಂತಕ್ಕೆ ಅಪ್ರೋಚ್ ಎನ್ನುತ್ತಾರೆ. ವಾಯುಭಾರದ ಎತ್ತರಮಾಪಕವನ್ನು ನಂಬಿ ಇಳಿಯುವ ಅಪ್ರೋಚ್‌ಗಳಲ್ಲಿ ನಿಜವಾದ ಇಳಿಜಾರು ಉಷ್ಣತೆಗೆ ತಕ್ಕಂತೆ ಬದಲಾಗುತ್ತದೆ: ಗಾಳಿ ಪ್ರಮಾಣಿತ ಉಷ್ಣತೆಗಿಂತ 10 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೆ ನಿಜವಾದ ಎತ್ತರ ಸುಮಾರು ಶೇ. 4ರಷ್ಟು ಹೆಚ್ಚು, ತಣ್ಣಗಿದ್ದರೆ ಅಷ್ಟೇ ಕಡಿಮೆ. ರೇಡಿಯೊ ಕಿರಣವನ್ನು ಹಿಡಿದು ಇಳಿಯುವ ಐಎಲ್‌ಎಸ್‌ನಲ್ಲಿ ಈ ಏರುಪೇರಿಲ್ಲ. ನಿಮ್ಮ ಹೊಸ ವಿಧಾನ ಮೊದಲ ಬಗೆಯದ್ದಾಗಿದ್ದು ಹಳೆಯದು ಎರಡನೆಯ ಬಗೆಯದ್ದಾಗಿದ್ದರೆ, ಚಳಿಗಾಲದ ದತ್ತಾಂಶದಿಂದ ಒಂದು ಉತ್ತರವೂ ಬೇಸಿಗೆಯ ದತ್ತಾಂಶದಿಂದ ಇನ್ನೊಂದು ಉತ್ತರವೂ ಬರುವುದು ಸಹಜ.

ನಿರ್ಗಮನ ವಿಧಾನಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ, ಗೆರೆ ಮಾತ್ರ ಬೇರೆ. ಬೇರೆ ಮೌಲ್ಯ ಪ್ರಕಟವಾಗಿರದಿದ್ದರೆ ಅಂತರರಾಷ್ಟ್ರೀಯ ವಿನ್ಯಾಸ ನಿಯಮಗಳು ಊಹಿಸುವ ಕನಿಷ್ಠ ಏರುಜಾರು ಶೇ. 3.3, ಅಂದರೆ ನಾಟಿಕಲ್ ಮೈಲಿಗೆ ಸುಮಾರು 200 ಅಡಿ.

ವಿಮಾನಗಳ ನಡುವಿನ ಅಂತರವನ್ನು ತೋರಿಸಲು ನಕ್ಷೆ ನಿಷ್ಪ್ರಯೋಜಕ, ಏಕೆಂದರೆ ಅದರಲ್ಲಿ ಕಾಲವೇ ಇಲ್ಲ. ರೈಲ್ವೆಯವರು 19ನೆಯ ಶತಮಾನದಿಂದಲೂ ಬಳಸುತ್ತ ಬಂದಿರುವ ವೇಳಾಚಿತ್ರದ ಮಾದರಿಯಲ್ಲಿ, ಅಡ್ಡ ಅಕ್ಷದಲ್ಲಿ ಗಡಿಯಾರದ ಸಮಯ, ಲಂಬ ಅಕ್ಷದಲ್ಲಿ ರನ್‌ವೇಗೆ ಉಳಿದ ದೂರವನ್ನಿಟ್ಟು ಪ್ರತಿ ಆಗಮನವನ್ನೂ ಒಂದು ಓರೆಗೆರೆಯಾಗಿ ಬರೆಯಿರಿ. ಎರಡು ಗೆರೆಗಳ ನಡುವಿನ ಲಂಬ ಅಂತರವೇ ಆ ಕ್ಷಣದ ದೂರ, ಅಡ್ಡ ಅಂತರವೇ ಕಾಲಾಂತರ. ಮುಂದಿನ ವಿಮಾನ ಮೊದಲು ವೇಗ ತಗ್ಗಿಸುವುದರಿಂದ ಹಿಂದಿನದು ಹತ್ತಿರವಾಗುತ್ತ ಬರುವುದು ಗೆರೆಗಳು ರನ್‌ವೇಯತ್ತ ಕಿರಿದಾಗುವುದರಲ್ಲಿ ಕಾಣುತ್ತದೆ. ರೇಡಾರ್ ಅಂತರ 3 ನಾಟಿಕಲ್ ಮೈಲು ಇರುವಲ್ಲಿ, 140 ನಾಟ್ ನೆಲವೇಗದ ವಿಮಾನಕ್ಕೆ ಅದು ಸುಮಾರು 77 ಸೆಕೆಂಡು. ಎದುರುಗಾಳಿ ಬಲವಾದ ದಿನ ಅದೇ 3 ಮೈಲು ಹೆಚ್ಚು ಸೆಕೆಂಡುಗಳನ್ನು ನುಂಗುತ್ತದೆ, ರನ್‌ವೇಯ ಗಂಟೆಯ ಸಾಮರ್ಥ್ಯ ಕುಗ್ಗುತ್ತದೆ. ಹೊಸ ವಿಧಾನದಿಂದ ಸಾಮರ್ಥ್ಯ ಹೆಚ್ಚಿತೋ ತಗ್ಗಿತೋ ಎಂದು ಹೇಳುವ ಮೊದಲು ಇದನ್ನು ಕಳೆದು ನೋಡಬೇಕು.

ಶಬ್ದದ ಪ್ರಶ್ನೆ ನಿಮ್ಮ ಮುಂದೆ ಇಂದಲ್ಲ ನಾಳೆ ಬರುತ್ತದೆ. ಉಪಗ್ರಹ ಆಧಾರಿತ ವಿಧಾನಗಳ ನಿಖರತೆಗೆ ಒಂದು ಬೆಲೆಯಿದೆ: ಮೊದಲು ಅಗಲವಾಗಿ ಹರಡಿದ್ದ ಹಾರಾಟಗಳೆಲ್ಲ ಒಂದೇ ಕಿರಿದಾದ ಪಟ್ಟಿಯ ಮೇಲೆ ಸಾಗಿ, ಕೆಳಗಿನ ಕೆಲವೇ ಮನೆಗಳ ಮೇಲೆ ಸದ್ದು ಒಟ್ಟಾಗುತ್ತದೆ. 2014ರ ಸೆಪ್ಟೆಂಬರಿನಲ್ಲಿ ಅಮೆರಿಕದ ಫೀನಿಕ್ಸ್ ವಿಮಾನ ನಿಲ್ದಾಣದಲ್ಲಿ ಅಲ್ಲಿನ ವಿಮಾನಯಾನ ಆಡಳಿತವಾದ ಎಫ್‌ಎಎ ಇಂತಹ ಹೊಸ ನಿರ್ಗಮನ ಮಾರ್ಗಗಳನ್ನು ಜಾರಿಗೆ ತಂದಿತು. ಗಣನೀಯ ಶಬ್ದ ಪರಿಣಾಮವಿಲ್ಲ ಎಂಬುದು ಅದರ ನಿಲುವಾಗಿತ್ತು, ನಿವಾಸಿಗಳ ದೂರುಗಳು ಬೇರೆ ಕತೆ ಹೇಳಿದವು. ನಗರವೂ ಹಳೆಯ ಬಡಾವಣೆಗಳೂ ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟಿನಲ್ಲಿ ಮೇಲ್ಮನವಿ ನ್ಯಾಯಾಲಯ ಆಡಳಿತದ ವಿರುದ್ಧ ತೀರ್ಪು ನೀಡಿತು. ವರ್ಷದ ಸರಾಸರಿ ದಿನಕ್ಕೆ ಲೆಕ್ಕ ಹಾಕುವ ಡೆಸಿಬೆಲ್ ರೇಖೆಗಳು ಇಂತಹ ಬದಲಾವಣೆಯನ್ನು ಮಸುಕಾಗಿಸುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅವುಗಳ ಜೊತೆಗೆ, ಪ್ರತಿ ಸ್ಥಳದಲ್ಲಿ ದಿನವೊಂದಕ್ಕೆ 65 ಅಥವಾ 70 ಡೆಸಿಬೆಲ್ ಮೀರಿದ ಹಾರಾಟಗಳು ಎಷ್ಟು ಎಂಬ ಎಣಿಕೆಯ ನಕ್ಷೆಯನ್ನೂ ಬರೆಯಬೇಕು, ಹಗಲು ಮತ್ತು ರಾತ್ರಿಗೆ ಬೇರೆಬೇರೆಯಾಗಿ. ಜಾಡುಗಳ ಸಾಂದ್ರತೆಯನ್ನೇ ಶಬ್ದವೆಂದು ತೋರಿಸುವುದು ಸರಿಯಲ್ಲ. ದೂರ ಇಮ್ಮಡಿಯಾದರೆ, ಗಾಳಿ ಹೀರಿಕೊಳ್ಳುವುದನ್ನು ಬಿಟ್ಟರೂ, ಸದ್ದು ಸುಮಾರು 6 ಡೆಸಿಬೆಲ್ ತಗ್ಗುತ್ತದೆ. 1,500 ಅಡಿಯಲ್ಲಿ ಹಾರಿದ ಒಂದು ಗೆರೆಯೂ 6,000 ಅಡಿಯಲ್ಲಿ ಹಾರಿದ ಒಂದು ಗೆರೆಯೂ ನಕ್ಷೆಯಲ್ಲಿ ಒಂದೇ ದಪ್ಪವಾಗಿ ಕಂಡರೂ ನೆಲದ ಮೇಲಿನವರಿಗೆ ಅವು ಒಂದೇ ಅಲ್ಲ.

ಮುಂಚಿನದನ್ನೂ ನಂತರದನ್ನೂ ಹೋಲಿಸುವಾಗ ವಿಧಾನವನ್ನು ಬಿಟ್ಟು ಮತ್ತೆಲ್ಲವೂ ಸಮವಾಗಿರುವಂತೆ ನೋಡಿಕೊಳ್ಳುವುದು ಅಸಾಧ್ಯವಾದರೂ, ಕೆಲವನ್ನಾದರೂ ಸಮ ಮಾಡಲೇಬೇಕು. ಗಾಳಿಯ ದಿಕ್ಕಿಗೆ ತಕ್ಕಂತೆ ರನ್‌ವೇಯ ಬಳಕೆಯ ದಿಕ್ಕು ಬದಲಾಗುತ್ತದೆ. ಒಂದು ಅವಧಿಯಲ್ಲಿ ಪೂರ್ವದಿಂದ, ಇನ್ನೊಂದರಲ್ಲಿ ಪಶ್ಚಿಮದಿಂದ ಹೆಚ್ಚು ಆಗಮನಗಳಿದ್ದರೆ ಒಟ್ಟು ಅಂಕಿಅಂಶದಲ್ಲಿ ಕಾಣುವ ವ್ಯತ್ಯಾಸ ವಿಧಾನದ್ದಲ್ಲ, ಗಾಳಿಯದ್ದು. ಒಂದೇ ರನ್‌ವೇ ದಿಕ್ಕು, ಹಿಂದಿನ ವರ್ಷದ ಅದೇ ತಿಂಗಳುಗಳು, ಹತ್ತಿರದ ದಟ್ಟಣೆಯ ಗಂಟೆಗಳು, ಒಂದೇ ವರ್ಗದ ವಿಮಾನಗಳು, ಹೀಗೆ ಗುಂಪು ಮಾಡಿ, ಪ್ರತಿ ಗುಂಪಿಗೂ ಒಂದೊಂದು ಸಣ್ಣ ಚಿತ್ರವನ್ನು ಒಂದೇ ಅಳತೆಯ ಅಕ್ಷಗಳಲ್ಲಿ ಸಾಲಾಗಿ ಜೋಡಿಸಿ. ತಿರುಗಿಸಿ ನೋಡಬಹುದಾದ ಮೂರು ಆಯಾಮದ ಚಿತ್ರ ಸಭೆಯಲ್ಲಿ ಮೆಚ್ಚುಗೆ ಗಳಿಸುತ್ತದೆ, ಆದರೆ ಅದರಲ್ಲಿ ಯಾರೂ ಎತ್ತರವನ್ನು ಓದಲಾರರು. ಪಾರ್ಶ್ವಚಿತ್ರದಲ್ಲೂ ಲಂಬ ಅಕ್ಷವನ್ನು ಹಿಗ್ಗಿಸಲೇಬೇಕಾಗುತ್ತದೆ, ಎಷ್ಟು ಪಟ್ಟು ಎಂದು ನಮೂದಿಸಿ, ಇಲ್ಲವಾದರೆ ಸೌಮ್ಯವಾದ 3 ಡಿಗ್ರಿಯೂ ಪ್ರಪಾತದಂತೆ ಕಂಡು ಓದುಗರನ್ನು ಬೆದರಿಸುತ್ತದೆ.

ಚಿತ್ರಗಳಿಂದ ಉತ್ತರ ಬಾರದ ಪ್ರಶ್ನೆಯೂ ಒಂದಿದೆ. ಬೆಟ್ಟ, ಗೋಪುರಗಳಿಂದ ವಿಧಾನ ಎಷ್ಟು ದೂರವಿದೆ ಎಂಬ ಸುರಕ್ಷತೆಯ ಲೆಕ್ಕವನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಕಾವೊದ, ವಿಧಾನ ವಿನ್ಯಾಸದ ಕೈಪಿಡಿ ಪ್ಯಾನ್ಸ್-ಆಪ್ಸ್‌ನಂತಹ ನಿಯಮಗಳ ಪ್ರಕಾರ ವಿನ್ಯಾಸದ ಹಂತದಲ್ಲೇ ಮಾಡಿರುತ್ತಾರೆ. ಕೆಲವು ತಿಂಗಳು ಏನೂ ಆಗಲಿಲ್ಲ ಎಂಬ ಚಿತ್ರ ಅದಕ್ಕೆ ಪುರಾವೆಯಲ್ಲ. ಅಪರೂಪದ ಘಟನೆಗಳನ್ನು ಪರ್ಸೆಂಟೈಲ್‌ಗಳ ಹೊರಗಿವೆ ಎಂದು ಬಿಸಾಡಬೇಡಿ. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಿದ, ಅಂದರೆ ಗೋ-ಅರೌಂಡ್ ಮಾಡಿದ ಹಾರಾಟಗಳನ್ನು, 1,000 ಅಡಿಯ ದ್ವಾರದಲ್ಲಿ ಇಳಿಜಾರಿಗಿಂತ ತುಂಬ ಮೇಲಿದ್ದ ಅಥವಾ ಅತಿವೇಗದಲ್ಲಿದ್ದ ಹಾರಾಟಗಳನ್ನು ಒಂದೊಂದಾಗಿ ತೆಗೆದು ಪ್ರತ್ಯೇಕ ಹಾಳೆಯಲ್ಲಿ ಬರೆಯಿರಿ.

ಕರಡು ಸಿದ್ಧವಾದ ಕೂಡಲೇ, ಮೇಲಧಿಕಾರಿಗಳಿಗೆ ಕಳಿಸುವ ಮೊದಲು, ಆ ವಲಯದಲ್ಲಿ ಕೆಲಸ ಮಾಡುವ ನಿಯಂತ್ರಕರ ಮುಂದೆಯೂ ಆ ಮಾರ್ಗದಲ್ಲಿ ಹಾರುವ ಒಬ್ಬಿಬ್ಬರು ಪೈಲಟ್‌ಗಳ ಮುಂದೆಯೂ ಇಡಿ. ಶೀರ್ಷಿಕೆಗಳಲ್ಲಿ ತೀರ್ಪು ಬೇಡ, ಅಕ್ಷಗಳ ಹೆಸರು ಮತ್ತು ಅವಧಿ ಸಾಕು. ದತ್ತಾಂಶದಲ್ಲಿ ಎಲ್ಲಿಯೂ ದಾಖಲಾಗದ ಸಂಗತಿಗಳು, ಉದಾಹರಣೆಗೆ ಮಳೆಮೋಡಗಳನ್ನು ತಪ್ಪಿಸಲು ಸುತ್ತಿ ಹಾರಿದ ಮಧ್ಯಾಹ್ನಗಳು, ಪಕ್ಕದ ಸೇನಾ ವಲಯ ಮುಚ್ಚಿದ್ದ ದಿನಗಳು, ಒಂದು ರನ್‌ವೇ ದುರಸ್ತಿಯಲ್ಲಿದ್ದ ವಾರಗಳು, ಅವರ ಬಾಯಿಂದಲೇ ಬರಬೇಕು. ಅವನ್ನು ಗುರುತಿಸಿಕೊಂಡು ಆ ದಿನಗಳಿಗೆ ಬೇರೆ ಬಣ್ಣ ಕೊಟ್ಟು ಚಿತ್ರಗಳನ್ನು ಮತ್ತೊಮ್ಮೆ ಬರೆದ ಮೇಲೆ ಉಳಿಯುವ ವ್ಯತ್ಯಾಸವನ್ನು ಹೊಸ ವಿಧಾನದ ಲೆಕ್ಕಕ್ಕೆ ಹಾಕಬಹುದು.